ಅಕ್ಕೋರು ಎತ್ತಿಟ್ಟ ಐದನೇ ಕಾಳು

ಶಹಾಪುರ. ಗುರುವಾರ, 27 ನವೆಂಬರ್ 2025. ಬೆಳಿಗ್ಗೆ ಆರೂ ಹತ್ತಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ. ಒಳಗೆ ಅಕ್ಕೋರ ಮಗಳು ಬೆಳ್ಳುಳ್ಳಿ ಜಜ್ಜುತ್ತಿರುವ ಸದ್ದು ಕೇಳುತ್ತಿದೆ. ಹತ್ತು ಗಂಟೆಯ ಬಸ್ಸಿಗೆ ಸುರಪುರದ ಕಡೆಯಿಂದ ಒಬ್ಬ ಅಜ್ಜ ಬರುವವರಿದ್ದಾರೆ. ಅವರು ಬಂದರೆ ಬರೆಯಲು ಬಿಡುವುದಿಲ್ಲ. ಅಷ್ಟರೊಳಗೆ ಮುಗಿಸಬೇಕು.

ಇವತ್ತು ನವೆಂಬರಿನ ನಾಲ್ಕನೇ ಗುರುವಾರ. ಅಮೆರಿಕದಲ್ಲಿ ಇಡೀ ದೇಶ ರಜೆ ಮಾಡಿ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ದಿನ. ಶಹಾಪುರದ ಈ ಗಲ್ಲಿಯಲ್ಲಿ, ಈ ಒಂದು ಮನೆಯಲ್ಲಿ ಅದಕ್ಕೆ ಉಪಕಾರದ ಹಬ್ಬ ಎಂದು ಹೆಸರು. ಅದನ್ನು ನಡೆಸುತ್ತಿದ್ದ ಅಕ್ಕೋರು ಹೋದ ಜುಲೈಯಲ್ಲಿ ತೀರಿಕೊಂಡರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಹಾಕಂತ ನಿನಗ್ಯಾರು ಹೇಳಿದ್ರು?" ಎಂದು ಎಲ್ಲಿದ್ದರೂ ಬಂದು ಕಿವಿ ಹಿಂಡುವಂಥವರು ಅವರು.

ನಾನು ಸಗರದವನು. ಬೆಳೆ ಸಮೀಕ್ಷೆಯ ಕೆಲಸ. ಮೊಬೈಲ್ ಹಿಡಿದು ಹೊಲದಿಂದ ಹೊಲಕ್ಕೆ ಹೋಗಿ ಯಾರ ಹೊಲದಲ್ಲಿ ತೊಗರಿ, ಯಾರದರಲ್ಲಿ ಹತ್ತಿ, ಎಲ್ಲಿಯವರೆಗೆ ಭತ್ತ ಎಂದು ದಾಖಲಿಸಬೇಕು. 2022ರ ಜೂನ್‌ನಲ್ಲಿ ಅಕ್ಕೋರ ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದೆ. ನಿವೃತ್ತಿಯಾಗಿ ಬಹಳ ವರ್ಷವಾಗಿದ್ದರೂ ಬಾಗಿಲಲ್ಲಿ ನಿಂತ ನನ್ನನ್ನು ತಡವಾಗಿ ಬಂದ ಹುಡುಗನನ್ನು ನೋಡುವ ಹಾಗೆ ನೋಡಿದರು. ಹಣೆಯಲ್ಲಿ ವಿಭೂತಿ ಇದ್ದ ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು, "ನಾವು ಮಾಂಸ ತಿನ್ನಂಗಿಲ್ರಿ" ಅಂದೆ.

"ನಾ ಏನ್ ನಿನಗ ತಿನಸ್ತೀನಂದ್ನೇನು? ಬಾಡಿಗಿಗಿ ಬಂದಿಯೋ ಬೀಗಸ್ತನಕ್ಕ ಬಂದಿಯೋ?"

ನಾನು ದಿನಚರಿ ಬರೆಯುವುದು ಗೊತ್ತಾದ ಮೇಲೆ 'ಲೆಕ್ಕದ ಸಾಹೇಬ' ಎಂದು ಹೆಸರಿಟ್ಟರು. "ಇವತ್ತ ನಾ ಎಷ್ಟು ಸರ್ತಿ ಸೀನೀನಿ ಅನ್ನೋದೂ ಬರಕೊಂಡೀಯೇನೋ?" ಎಂದು ಓಣಿಗೆ ಕೇಳುವ ಹಾಗೆ ಕೇಳುತ್ತಿದ್ದರು.

ಅವರು ಬಯ್ಯುವ ಮುಂಚೆ ಒಂದು ಕ್ರಮವಿತ್ತು. ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಎರಡೂ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡು, ಆಮೇಲೆ ಶುರು. ಕನ್ನಡಕಕ್ಕೆ ಕೈ ಹೋದ ಕೂಡಲೇ ಹಾಲಿನವನು ಹತ್ತು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಪ್ರಾರ್ಥನೆಗೂ ಅವರದೊಂದು ಕ್ರಮವಿತ್ತು. ಕಣ್ಣು ಎಷ್ಟು ಬಿಗಿಯಾಗಿ ಮುಚ್ಚುತ್ತಿದ್ದರೆಂದರೆ ಹಣೆ, ಮೂಗು, ತುಟಿ ಎಲ್ಲ ಒಂದೇ ಕಡೆ ಸೇರಿಕೊಳ್ಳುತ್ತಿದ್ದವು. ಆ ಹೊತ್ತಿನಲ್ಲಿ ಹಾಲು ಉಕ್ಕಿದರೂ ಬಾಗಿಲು ಬಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಆ ವರ್ಷದ ನವೆಂಬರ್ 24ಕ್ಕೆ ನಾನು ಮೊದಲ ಉಪಕಾರದ ಹಬ್ಬ ಕಂಡೆ. ದಿನವಿಡೀ ಹೊಲ ಸುತ್ತಿ ಹಸಿದು ಬಂದಿದ್ದೆ. ಊಟಕ್ಕೆ ಕರೆದರು. ನನಗೆಂದೇ ಬೇರೆ ಪಾತ್ರೆಯಲ್ಲಿ ಎಣ್ಣೆಗಾಯಿ ಮಾಡಿದ್ದರು. ಉಳಿದವರಿಗೆ ಜವಾರಿ ಕೋಳಿ ಸಾರು, ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ, ಕಾಲುವೆ ನೀರಿನ ಹೊಸ ಅಕ್ಕಿಯ ಅನ್ನ. ಯಾದಗಿರಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಬಂದಿದ್ದಳು; ಚರ್ಚಿನ ಪಾಸ್ಟರರೂ ಇದ್ದರು. ಆದರೆ ನನ್ನ ಮುಂದಿಟ್ಟ ತಟ್ಟೆಯಲ್ಲಿ ಬಿಳಿಜೋಳದ ಐದು ಕಾಳು ಮಾತ್ರ ಇದ್ದವು. ದೇವರ ಪ್ರಸಾದವಿರಬೇಕೆಂದು ಐದನ್ನೂ ಬಾಯಿಗೆ ಹಾಕಿಕೊಂಡು ಕಟಕಟ ಅಗಿದೆ. ಎಲ್ಲರೂ ನನ್ನನ್ನೇ ನೋಡಿದರು. ಅಕ್ಕೋರ ಕೈ ಕನ್ನಡಕಕ್ಕೆ ಹೋಯಿತು.

"ಏ ಸಗರದವನ, ಉಪಕಾರಾನ ತಿಂದುಬಿಟ್ಯಲ್ಲೋ!"

ಪಾಸ್ಟರ್ ನಕ್ಕು ನಕ್ಕು ನೀರು ಕುಡಿದರು. ಹೊಸದಾಗಿ ಐದು ಕಾಳು ಬಂದವು. ಆಗ ಅಕ್ಕೋರು ಹಬ್ಬದ ಕತೆ ಹೇಳಿದರು.

ನಾನೂರು ವರ್ಷದ ಹಿಂದೆ, ತಮ್ಮ ರೀತಿಯಲ್ಲಿ ದೇವರನ್ನು ಆರಾಧಿಸಲು ಬಿಡದ ನಾಡನ್ನು ತೊರೆದು ಒಂದು ಹಡಗು ತುಂಬ ಜನ ಸಮುದ್ರ ದಾಟಿ ಅಮೆರಿಕದ ದಂಡೆಗೆ ಬಂದರು. ಮೊದಲ ಚಳಿಗಾಲದಲ್ಲೇ ಅರ್ಧ ಜನ ಸತ್ತರು. ಉಳಿದವರಿಗೆ ಅಲ್ಲಿಯ ಮೂಲ ಜನ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬಿತ್ತುವುದನ್ನು ತೋರಿಸಿಕೊಟ್ಟರು. ಸುಗ್ಗಿ ಬಂದಾಗ ಇಬ್ಬರೂ ಕೂಡಿ ಮೂರು ದಿನ ಉಂಡರು. ಮುಂದೆ ಎಷ್ಟೋ ಕಾಲ ಒಂದೊಂದು ಸೀಮೆಯಲ್ಲಿ ಒಂದೊಂದು ದಿನ ನಡೆಯುತ್ತಿದ್ದ ಆಚರಣೆಯನ್ನು, ತಮ್ಮತಮ್ಮೊಳಗೇ ಯುದ್ಧ ನಡೆದಿದ್ದ ಕಾಲದಲ್ಲಿ ಅಲ್ಲಿಯ ಅಧ್ಯಕ್ಷನೊಬ್ಬ ಇಡೀ ದೇಶದ ದಿನವೆಂದು ಸಾರಿದ. ಆ ಕೆಟ್ಟ ಚಳಿಗಾಲದಲ್ಲಿ ತಲೆಗೆ ದಿನಕ್ಕೆ ಐದೇ ಕಾಳು ಸಿಗುತ್ತಿದ್ದವೆಂಬ ನೆನಪಿಗೆ ಕೆಲವು ಮನೆಗಳಲ್ಲಿ ಊಟಕ್ಕೆ ಮೊದಲು ತಟ್ಟೆಯಲ್ಲಿ ಐದು ಕಾಳು ಇಡುತ್ತಾರೆ. ಒಂದೊಂದು ಕಾಳು ಎತ್ತಿ ಒಂದೊಂದು ಉಪಕಾರ ಹೇಳಬೇಕು. ಅಕ್ಕೋರು ಓದಿದ ಯಾದಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಇದನ್ನು ತಂದವರು ಅಮೆರಿಕದಿಂದ ಬಂದಿದ್ದ ಒಬ್ಬ ಮಿಷನರಿ ಮಿಸ್ಸಮ್ಮ. ಗೋವಿನಜೋಳ ಕೈಗೆ ಸಿಗದಿದ್ದಾಗ ಅವರೇ ಬಿಳಿಜೋಳ ಇಟ್ಟರಂತೆ.

"ಐದು ಕಾಳಿನ ಮಾತು ಖರೇನೋ, ಯಾರರ ಕಟ್ಟಿದ್ದೋ ನನಗ ಗೊತ್ತಿಲ್ಲ" ಎಂದು ಅಕ್ಕೋರೇ ಅಂದರು. "ಕಾಳಂತೂ ಖರೇ. ಮತ್ತ ಇನ್ನೊಂದು ಖರೇ ಅದ. ಬಿತ್ತೋದು ಕಲಿಸಿದೋರ ಹೊಲಾನ ಆಮ್ಯಾಲ ಇವರು ಕಸಗೊಂಡ್ರು. ಉಂಡ ಕೈ ತೊಳಿಯೂದ್ರಾಗ ಮರತ್ರು. ಅದಕ್ಕ ಹೇಳ್ತೀನಿ, ದೇವರಿಗಿ ಸ್ತೋತ್ರ ಹೇಳೂದು ಸುಲಭ. ಮನಿಷ್ಯಾರಿಗಿ ಹೇಳೂದು ತ್ರಾಸು."

ಪಾಸ್ಟರಿಗೆ ಈ ಗುರುವಾರದ ಬಗ್ಗೆ ತಕರಾರು ಇತ್ತು. ಚರ್ಚಿನಲ್ಲಿ ಬೇರೊಂದು ಭಾನುವಾರ ಸುಗ್ಗಿಯ ಕೃತಜ್ಞತಾ ಆರಾಧನೆ ನಡೆಯುತ್ತದೆ. ಭತ್ತದ ತೆನೆ, ಹತ್ತಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ದೇವರ ಮುಂದೆ ಬರುತ್ತವೆ. ಅದಕ್ಕೂ ಅಕ್ಕೋರು ತಪ್ಪದೆ ಹೋಗುತ್ತಿದ್ದರು.

"ಅದು ನಮ್ಮ ಹಬ್ಬ ಆತು ಅಕ್ಕೋರ. ಈ ಗುರುವಾರದ್ದು ಅವರ ದೇಶದ್ದಲ್ರಿ?" ಅಂದರು ಪಾಸ್ಟರ್.

"ಜೋಳ ನಮ್ದದಲ್ರಿ ಪಾಸ್ಟರೇ. ರೊಟ್ಟಿ ಹಾಕ್ಲಿ?"

ಪಾಸ್ಟರ್ ತಟ್ಟೆ ಮುಂದೆ ಮಾಡಿದರು.

ಅಂದು ದೇವರ ವಾಕ್ಯ ಓದಿ, ಎಲ್ಲರೂ ಸರದಿಯಂತೆ ಕಾಳು ಎತ್ತಿದೆವು. ನಾನು ನನ್ನ ಅವ್ವನಿಗೆ, ನೌಕರಿ ಹೇಳಿದ ಗೆಳೆಯನಿಗೆ, ಹಾವು ತೋರಿಸಿ ಉಳಿಸಿದ ಒಬ್ಬ ಕುರಿಗಾಹಿಗೆ ಎಂದು ಹೇಗೋ ಐದು ಮುಗಿಸಿದೆ. ಅಕ್ಕೋರು ನಾಲ್ಕು ಹೇಳಿದರು. ಐದನೆಯ ಕಾಳನ್ನು ಎತ್ತಿದರು, ಬೆರಳುಗಳ ನಡುವೆ ಸ್ವಲ್ಪ ಹೊತ್ತು ಹಿಡಿದರು, ಏನೂ ಹೇಳದೆ ಸೆರಗಿನ ತುದಿಗೆ ಕಟ್ಟಿಕೊಂಡರು. ಮರುದಿನ ಅದನ್ನು ಜೋಳದ ಡಬ್ಬಿಗೆ ವಾಪಸು ಹಾಕುವುದನ್ನೂ ನೋಡಿದೆ.

ಮುಂದಿನ ವರ್ಷ, 23ನೇ ತಾರೀಖು, ಮತ್ತೆ ಹಾಗೆಯೇ. ಆ ಸಲ ಅವರ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ ಓಣಿಯ ಬೆಕ್ಕು ಬಂದು ಕೋಳಿಯ ಒಂದು ಕಾಲನ್ನು ನಿಧಾನವಾಗಿ ಆರಿಸಿಕೊಂಡು ಹೋಯಿತು. ಕಣ್ಣು ತೆರೆದಿದ್ದವನು ನಾನೊಬ್ಬನೇ. ಪ್ರಾರ್ಥನೆಯ ನಡುವೆ ಬೆಕ್ಕನ್ನು ಓಡಿಸಬಹುದೇ ಎಂಬುದು ತಿಳಿಯದೆ ಸುಮ್ಮನಿದ್ದೆ. ಆ ರಾದ್ಧಾಂತದಲ್ಲೂ ಐದನೇ ಕಾಳು ಸೆರಗಿಗೇ ಹೋಯಿತು. ಮಗಳನ್ನು ಕೇಳಿದೆ. "ನಾ ಸಣ್ಣಾಕಿ ಇದ್ದಾಗಿಂದ ಹಿಂಗ. ಕೇಳಿದ್ರ ಬೈತಾಳ" ಅಂದಳು. ಅಕ್ಕೋರನ್ನೇ ಕೇಳಿದೆ. "ಅದು ನಿನ್ನ ಲೆಕ್ಕದಾಗ ಬರಂಗಿಲ್ಲ" ಅಂದರು.

ಹೊಳೆಗೆ ನೀರು ಬಿಟ್ಟ ಸುದ್ದಿ ಬಂದಾಗೆಲ್ಲ ಅಕ್ಕೋರು ಟಿವಿ ಬಂದ್ ಮಾಡುತ್ತಿದ್ದರು. 2024ರ ಆಗಸ್ಟಿನ ಒಂದು ಸಂಜೆಯೂ ಹಾಗೆ ಮಾಡಿದರು. "ಇರ್ಲಿ ಬಿಡ್ರಿ, ನೋಡೂಣು. ಮುಂದಿನ ವಾರ ಆ ಕಡೆನ ನನ್ನ ಸರ್ವೆ ಅದ" ಅಂದೆ. ಅವರು ಶೇಂಗಾ ಸುಲಿಯುತ್ತ ಕುಳಿತರು. ಆಮೇಲೆ ತಾವಾಗಿ ಹೇಳಿದರು.

ಅವರ ಮೊದಲ ನೌಕರಿ ಸುರಪುರ ತಾಲ್ಲೂಕಿನಾಚೆ, ಕೃಷ್ಣಾ ನದಿಯ ನಡುವಿನ ಒಂದು ಗಡ್ಡೆಯಲ್ಲಿ. ಸುತ್ತ ನೀರು, ನಡುವೆ ಕೆಲವು ಮನೆ, ಒಂದು ಶಾಲೆ. ಹರಗೋಲು, ಅಂದರೆ ಬಿದಿರು ಹೆಣೆದ ದುಂಡನೆಯ ಬುಟ್ಟಿದೋಣಿ, ಇದ್ದರೆ ದಾರಿ, ಇಲ್ಲದಿದ್ದರೆ ಇಲ್ಲ. ಗಂಡ ಯಾದಗಿರಿಯಲ್ಲಿ ರೈಲ್ವೆ ಕೆಲಸಕ್ಕಿದ್ದರು. ಎರಡನೆಯ ಮಳೆಗಾಲದಲ್ಲಿ, ಹೊಳೆ ತುಂಬಿ ಬಂದ ದಿನವೇ, ಎರಡು ವರ್ಷದ ಮಗಳಿಗೆ ಜ್ವರ ಏರಿ ಮೈ ಸೆಟೆಯತೊಡಗಿತು. ಗಡ್ಡೆಯ ಅಂಬಿಗರು ಯಾರೂ ಹರಗೋಲು ಬಿಡಲು ಒಪ್ಪಲಿಲ್ಲ. ದಂಡೆಯಲ್ಲಿ ಗುರುತಿಲ್ಲದ ಒಬ್ಬ ಯುವಕ ನಿಂತಿದ್ದ. ಅವನು ಮಾತ್ರ, "ಹತ್ರಿ" ಅಂದ.

"ಕೂಸಿನ ಅವಚಿಕೊಂಡು ಕುಂತೆ. ಬೆನ್ನ ಹಿಂದ ಇನ್ನೊಬ್ರು ಯಾರೋ ಹತ್ತಿದಂಗಾತು. ನಾ ಕಣ್ಣು ಮುಚ್ಚಿದಾಕಿ ದಂಡಿ ಮುಟ್ಟೂತನಾ ತೆರೀಲಿಲ್ಲ. ಪ್ರಾರ್ಥನಿ ಮಾಡ್ಕೋತ ಕುಂತೆ. ಗಾಜು ಒಡದಂಗ ಸಪ್ಪಳ ಕೇಳ್ತಿತ್ತು. ಕಾಲಿಗಿ ಏನೋ ಚುಚ್ಚಿತು. ಅಷ್ಟ ಗೊತ್ತು ನನಗ." ಪಾದದ ಬದಿಯಲ್ಲಿದ್ದ ಹಳೆಯ ಗಾಯದ ಗುರುತು ತೋರಿಸಿದರು. "ಇಳದಾಕಿನ ಓಡಿ ಬಂಡಿ ಹತ್ತಿದೆ. ತಿರುಗಿ ನೋಡಿದಾಗ ಅಂವ ಮೊಣಕಾಲು ನೀರಾಗ ಹರಗೋಲು ಹಿಡಕೊಂಡು ಹೊಳಿ ಕಡಿಗೇ ಮಾರಿ ಮಾಡಿ ನಿಂತಿದ್ದ. ಒಂದು ಮಾತು ಹೇಳಲಿಲ್ಲ ಅಂವಗ."

ಸುರಪುರದ ದವಾಖಾನೆಯಲ್ಲಿ ಕೂಸು ಉಳಿಯಿತು. ಎರಡು ದಿನದ ಮೇಲೆ ಅಲ್ಲಿಗೆ ಬಂದಿದ್ದ ಯಾರೋ, ಆ ಸಂಜೆ ಕೆಳಗಿನ ಊರಿನ ಹತ್ತಿರ ಒಂದು ಹರಗೋಲು ಬೋರಲಾಗಿ ತೇಲಿಹೋಯಿತೆಂದು ಮಾತಾಡಿದ್ದು ಅಕ್ಕೋರ ಕಿವಿಗೆ ಬಿತ್ತು. ಅದರಲ್ಲಿ ಯಾರಿದ್ದರು ಎಂದು ಅವರು ಕೇಳಲಿಲ್ಲ. ಗಂಡ ಓಡಾಡಿ ಶಹಾಪುರಕ್ಕೆ ವರ್ಗ ಮಾಡಿಸಿದರು. ಗಡ್ಡೆಯಲ್ಲಿದ್ದ ಚಾಪೆ, ಎರಡು ಪಾತ್ರೆ ಅಲ್ಲೇ ಉಳಿದವು. ಅಕ್ಕೋರು ಮತ್ತೆ ಆ ಕಡೆ ಕಾಲಿಡಲಿಲ್ಲ.

"ಕೇಳಬಹುದಿತ್ತಲ್ರಿ?" ಅಂದೆ.

"ಕೇಳಿದ್ರ ಗೊತ್ತಾಗಿಬಿಡ್ತದಲ್ಲೋ." ಶೇಂಗಾದ ಸಿಪ್ಪೆಯನ್ನು ಅಂಗೈಯಲ್ಲಿ ಪುಡಿ ಮಾಡಿದರು. "ನನ್ನ ಕೂಸಿನ ಸಲುವಾಗಿ ಒಬ್ಬಾಕಿ ಕೂಸು ಹೊಳಿಪಾಲಾಗಿತ್ತಂದ್ರ, ಯಾವ ಬಾಯಿಲೆ ಉಪಕಾರ ಆತು ಅನ್ಲಿ?"

ಸಮೀಕ್ಷೆಗೆಂದು ಹೊಳೆದಂಡೆಯ ಊರುಗಳಿಗೆ ಹೋದಾಗ ನಾನು ಹೊಲದ ಜೊತೆಗೆ ಇದನ್ನೂ ಕೇಳುತ್ತ ಹೋದೆ. ಒಂದು ಊರಿನಲ್ಲಿ, ಆ ಕಾಲದಲ್ಲಿ ಗಡ್ಡೆಗೆ ಹರಗೋಲು ಹಾಕುತ್ತಿದ್ದ ಒಬ್ಬ ಮುದುಕ ಇನ್ನೂ ಇದ್ದಾನೆಂದರು. ಮನೆಯನ್ನು ದೂರದಿಂದ ನೋಡಿದೆ, ಒಳಗೆ ಹೋಗಲಿಲ್ಲ. ಆ ದಿನ ಹರಗೋಲು ಹಾಕಿದವರು ಅವರೇ ಅಲ್ಲದಿದ್ದರೆ? ಅಥವಾ, ತೀರಿಹೋದವನು ತನ್ನ ಅಣ್ಣನೆಂದು ಹೇಳಿಬಿಟ್ಟರೆ? ಅದನ್ನು ಹೊತ್ತು ಶಹಾಪುರಕ್ಕೆ ಬರುವ ಧೈರ್ಯ ನನಗಿರಲಿಲ್ಲ.

ಅಕ್ಕೋರಿಗೆ ಇಷ್ಟನ್ನೇ ಹೇಳಿದೆ. ಕನ್ನಡಕ ಒರೆಸಿದರು. "ಯಾರು ಹುಡುಕಂದಿದ್ರು ನಿನಗ? ನಿನ್ನ ತೊಗರಿ ಎಣಿಸಿ ಬರಾಕ ಆಗಲಿಲ್ಲ?" ಆಮೇಲೆ ಮಾತು ಬಿಟ್ಟರು. ಎಷ್ಟೋ ದಿನ ಹಾಗೇ ನಡೆಯಿತು. ಅಕ್ಟೋಬರ್ 6, ಭಾನುವಾರ, ಮುಂಜಾನೆ ನನ್ನ ಬಾಗಿಲು ಬಡಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನಡಿ" ಅಂದರು. ಅವರು ಚರ್ಚು ತಪ್ಪಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸುರಪುರದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಅಕ್ಕೋರು ಚೀಲವನ್ನು ಮಡಿಲಲ್ಲಿ ಅವಚಿಕೊಂಡೇ ಕುಳಿತಿದ್ದರು. ಊರು ಬಂದಾಗ ಟಂಟಂನಿಂದ ಇಳಿಯಲೂ ಒಲ್ಲೆನೆಂದರು. "ಮನ್ಯಾಗಿಲ್ಲ ಅಂದ್ರ ಹಿಂಗ ವಾಪಸ್ ಹೋಗೂಣು" ಅಂದರು. ಮಗಳು ಕೈಹಿಡಿದು ಇಳಿಸಿದಳು.

ಅಜ್ಜ ಕಟ್ಟೆಯ ಮೇಲೆ ಕೂತು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದರು. ಅಕ್ಕೋರು ಎದುರಿಗೆ ನಿಂತು, ತರಗತಿಯಲ್ಲಿ ಹೇಳುವಂತೆ ಸ್ಪಷ್ಟವಾಗಿ ಶುರು ಮಾಡಿದರು. "ನಾ ಆ ಗಡ್ಡ್ಯಾಗ ಸಾಲಿ ಅಕ್ಕೋರು ಇದ್ದೆ. ಒಮ್ಮೆ ಹೊಳಿ ಬಂದಾಗ..."

ಅಜ್ಜನ ಕೈಯ ಸೂಜಿ ನಿಂತಿತು.

"ಕೂಸು?" ಅಂದರು. "ಕೂಸು ಉಳೀತೇನ್ರಿ ಅಕ್ಕೋರ?"

ಅಕ್ಕೋರು ಮಗಳ ಕಡೆ ಕೈ ತೋರಿಸಿದರು. ನಲವತ್ತು ದಾಟಿದ, ತುಸು ದಪ್ಪಗಿರುವ ನರ್ಸಮ್ಮ ಮುಂದೆ ಬಂದಳು. "ನಾನ ಆ ಕೂಸ್ರಿ ಅಜ್ಜಾ."

ಅಜ್ಜ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಭೇಷ್ ಉಳದೀ ಬಿಡವ್ವ!" ಅಂದರು. ಎಲ್ಲರೂ ನಕ್ಕೆವು; ನಗುತ್ತಲೇ ಅಜ್ಜ ತಲೆಯ ರುಮಾಲಿನಿಂದ ಮುಖ ಒರೆಸಿಕೊಂಡರು. "ಸೆಟದ ಕೂಸು ನೋಡಿದ್ದೆ. ದಾರ್‍ಯಾಗ ಹೋತೇನೋ ಅಂತಿತ್ತು ಜೀವ. ಸುರಪುರಕ್ಕ ಹ್ವಾದಾಗ ದವಾಖಾನಿ ಮುಂದ ಎಷ್ಟು ಸರ್ತಿ ನಿಂತೀನಿ. ಒಳಗ ಹೋಗಿ ಕೇಳಾಕ ಅಂಜಿಕಿ."

ಅಕ್ಕೋರು ಕನ್ನಡಕ ತೆಗೆದು ಸೆರಗಿಗೆ ಒರೆಸತೊಡಗಿದರು. ನಾನೂ ಮಗಳೂ ಬೈಗುಳಕ್ಕೆ ಕಾದೆವು. ಬರಲಿಲ್ಲ. ಗಾಜು ಒರೆಸುತ್ತಲೇ ಇದ್ದರು. ಕೊನೆಗೆ, "ನೀ ತಿರುಗಿ ಹೊಳ್ಯಾಗ ಹ್ವಾದಿ ಅಂತ ತಿಳದಿದ್ದೆ. ಹರಗೋಲು ಬೋರಲಾಗಿ ತೇಲಿತಂತಲ್ಲಪ್ಪ" ಅಂದರು.

"ತೇಲಿತ್ರಿ. ನಂದ ಅದು. ದಂಡಿಗಿ ಕಟ್ಟಿದ್ದೆ, ಹಗ್ಗ ಹರಕೊಂಡು ಹೋತು. ನಾ ಮನ್ಯಾಗ ಉಂಡು ಮಕ್ಕೊಂಡಿದ್ದೆ."

"ಗಡ್ಡಿಗಿ ವಾಪಸ್ ಹೋಗ್ಲಿಲ್ಲ?"

"ನನ್ನ ಊರು ಇದ ದಂಡಿ ಅಕ್ಕೋರ! ಗಡ್ಡ್ಯಾಗ ನಂದೇನದ? ಅಂಥಾ ಹೊಳಿಗಿ ತಿರುಗಿ ಇಳ್ಯಾಕ ನಾ ಏನ್ ಹುಚ್ಚ?"

ಅವನು ಗಡ್ಡೆಗೇ ಮರಳಬೇಕಾದವನೆಂದು ತಿಳಿದದ್ದೇ ತಪ್ಪು. ಅಷ್ಟೇ. ಆ ಒಂದು ತಪ್ಪು ತಿಳಿವಳಿಕೆಯ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಅಕ್ಕೋರು ಒಬ್ಬ ಬದುಕಿದ್ದವನಿಗೆ ಅತ್ತಿದ್ದರು. ಈ ಕಡೆ ಅಜ್ಜ ಒಂದು ಬದುಕಿದ ಕೂಸಿಗೆ. ಅಕ್ಕೋರು ಕಟ್ಟೆಯ ಮೇಲೆ ಕುಸಿದು ಕೂತು, ಕೊನೆಗೂ ಆ ಮಾತು ಹೇಳಿದರು: "ಬಾಳ ಉಪಕಾರ ಆತೋ ಯಪ್ಪಾ."

ಅಜ್ಜ ತಲೆ ಅಲ್ಲಾಡಿಸಿದರು. "ನನಗ್ಯಾಕ? ಹರಗೋಲು ಹಾಕೂದು ನನ್ನ ಕೆಲಸ. ಆ ಬಳಿಗಾರ ಹೆಣಮಗಳಿಗಿ ಹೇಳ್ರಿ."

"ಯಾವಾಕಿ?"

"ಹಿಂದ ಕುಂತಿದ್ಳಲ್ರಿ! ಗಡ್ಡಿಗಿ ಬಳಿ ಮಾರಾಕ ಬಂದಿದ್ಳು, ಮುಂಜಾನೆ ನಾನ ಕರಕೊಂಡು ಹೋಗಿದ್ದೆ. ಹೊಳಿ ಇಳ್ಯೂತನಾ ಅಲ್ಲೇ ಇರಬಹುದಿತ್ತು. 'ಆಕಿ ಕೂಸು ಹಿಡೀತಾಳ, ನೀ ಹುಟ್ಟು ಹಾಕ್ತಿ, ನೀರು ಯಾರು ಚೆಲ್ಲಬೇಕು?' ಅಂತಂದು ಹತ್ತಿದ್ಳು. ನಡಹೊಳ್ಯಾಗ ನೀರು ತುಂಬಾಕತ್ತಿತ್ತು. ಬಳಿ ಡಬ್ಬಿ ಬೋರಲ ಮಾಡಿದ್ಳು. ಇದ್ದ ಬಳಿ ಎಲ್ಲಾ ಹರಗೋಲದಾಗ. ಆ ಡಬ್ಬಿಲೆ ನೀರು ಗೋರಿ ಗೋರಿ ಚೆಲ್ಲಿದ್ಳು. 'ಡರೋ ನಕ್ಕೋ, ಡರೋ ನಕ್ಕೋ' ಅನಕೋತ. ಆಕಿ ಇಲ್ಲಂದ್ರ ನಾವ್ಯಾರೂ ಇಲ್ರಿ."

ಅಂಜಬೇಡ ಎಂದು ದಖನಿ ಉರ್ದುವಿನಲ್ಲಿ ಹೇಳುತ್ತಿದ್ದ ಆ ದನಿ ಅಕ್ಕೋರ ಬೆನ್ನ ಹಿಂದೆಯೇ ಇತ್ತು. ಅವರು ಬಗ್ಗಿ ತಮ್ಮ ಪಾದದ ಗುರುತು ನೋಡಿಕೊಂಡರು. "ನಾ ಕಣ್ಣು ಮುಚ್ಚಿದ್ದೆ" ಅಂದರು.

"ಹೌದ್ರಿ. ನೀವು ಕಣ್ಣು ಮುಚ್ಚಿ ದೇವರನ್ನ ಕರ್‍ಯಾಕತ್ತಿದ್ರಿ. ಆಕಿ ಕಣ್ಣು ತೆರದು ಕರ್‍ಯಾಕತ್ತಿದ್ಳು. ನಾ ಇಬ್ಬರನೂ ಬಯ್ಯಾಕತ್ತಿದ್ದೆ."

ಅಜ್ಜನಿಗೂ ಆಕೆಯ ಹೆಸರು ಗೊತ್ತಿಲ್ಲ. ಆ ಮಳೆಗಾಲದ ನಂತರ ಆಕೆ ಹೊಳೆಯ ಕಡೆ ಬಳೆ ಮಾರಲು ಬರಲಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕೋರು ಬಾಯ್ತುಂಬ ಮಾತಾಡಿದರು. ಕಂಡಕ್ಟರನಿಗೂ ಕತೆ ಹೇಳಿದರು. ಆ ಹಗುರ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: 'ಅಜ್ಜ ಇದ್ದಾರೆ.'

ನವೆಂಬರ್ 28ರ ಹಬ್ಬಕ್ಕೆ ಅಜ್ಜ ಬಂದರು, ಕೈಯಲ್ಲಿ ಮೀನಿನ ಚೀಲ ಹಿಡಿದು. ಪಾಸ್ಟರ್ ಪ್ರಾರ್ಥನೆಗೆ ತಲೆಬಾಗಿಸಿದಾಗ ಅಕ್ಕೋರು ತಡೆದರು. "ಇವತ್ತ ಯಾರೂ ಕಣ್ಣು ಮುಚ್ಚಂಗಿಲ್ಲ."

"ಕಣ್ಣು ತೆರದು ಪ್ರಾರ್ಥನಿ ಹ್ಯಾಂಗ್ ಮಾಡೂದ್ರಿ ಅಕ್ಕೋರ?"

"ಒಬ್ಬರಿಗೊಬ್ಬರು ನೋಡ್ಕೋತ."

ಪಾಸ್ಟರ್ ಕಣ್ಣು ತೆರೆದೇ ಪ್ರಾರ್ಥಿಸಿದರು; ಎರಡು ಸಲ ತಡವರಿಸಿದರು. ಬೆಕ್ಕು ಹೊಸ್ತಿಲವರೆಗೆ ಬಂದು, ಎಲ್ಲರೂ ನೋಡುತ್ತಿರುವುದನ್ನು ಕಂಡು ಹಿಂದಿರುಗಿತು. ಅಕ್ಕೋರು ಐದನೇ ಕಾಳು ಎತ್ತಿ ಅಜ್ಜನ ಕಡೆ ತಿರುಗಿ, ಹೇಳಬೇಕಾದ್ದನ್ನು ಹೇಳಿ, ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕ್ಕನೆ ಅಗಿದರು, ಮೊದಲ ವರ್ಷ ನಾನು ಅಗಿದ ಹಾಗೆ. ಆಮೇಲೆ ಮಗಳಿಗೆ ಹೇಳಿ ಡಬ್ಬಿಯಿಂದ ಇನ್ನೊಂದು ಕಾಳು ತರಿಸಿದರು.

"ಅಮೆರಿಕಾದವರಿಗಿ ಐದು ಸಾಕು. ಈ ಮನ್ಯಾಗ ಆರು."

ಆರನೆಯದನ್ನು ಸೆರಗಿಗೆ ಕಟ್ಟಿಕೊಂಡರು. ಈ ಸಲ ಮುಖದಲ್ಲಿ ಅಂಜಿಕೆ ಇರಲಿಲ್ಲ, ಹುಡುಕುವ ಹುರುಪಿತ್ತು. ಶಹಾಪುರ, ಸುರಪುರ, ಯಾದಗಿರಿಯ ಬಳೆ ಅಂಗಡಿಗಳಲ್ಲಿ ನಾನೂ ಅವರೂ ಕೇಳಿದೆವು. ಒಂದೊಂದು ಅಂಗಡಿಯಲ್ಲೂ ಅಕ್ಕೋರು ಸುಮ್ಮನೆ ಕೇಳಬಾರದೆಂದು ಒಂದು ಡಜನ್ ಬಳೆ ಕೊಂಡರು. ಗಾಜಿನ ಬಳೆಗಳ ಆ ಪೊಟ್ಟಣಗಳು ಈಗಲೂ ಕಪಾಟಿನಲ್ಲಿವೆ. ಆಕೆ ಸಿಗಲಿಲ್ಲ.

ಅಜ್ಜ ಬರುವ ಹೊತ್ತಾಯಿತು. ಒಳಗೆ ತಟ್ಟೆ ಇಡುತ್ತಿದ್ದಾರೆ. ಪ್ರತಿ ತಟ್ಟೆಯಲ್ಲೂ ಆರು ಕಾಳು.

ಓದುವವರಲ್ಲಿ ಕೇಳುವುದಿಷ್ಟು. ಆಕೆ ಸುರಪುರದ ಕಡೆಯವಳಿರಬೇಕು, ಮನೆಯಲ್ಲಿ ದಖನಿ ಮಾತಾಡುವವಳು, ತಗಡಿನ ಡಬ್ಬಿಯಲ್ಲಿ ಬಳೆ ಹೊತ್ತು ಹೊಳೆದಂಡೆಯ ಊರುಗಳಿಗೆ ಬರುತ್ತಿದ್ದವಳು. ಈಗ ಇಲ್ಲದಿದ್ದರೆ ಮಕ್ಕಳು, ಮೊಮ್ಮಕ್ಕಳು ಇದ್ದಾರು. ನಮ್ಮ ಅಮ್ಮ, ನಮ್ಮ ನಾನಿ ಒಂದು ಮಳೆಗಾಲದ ಸಂಜೆ ಬಳೆಯೆಲ್ಲ ಕಳೆದುಕೊಂಡು, ಒದ್ದೆ ಡಬ್ಬಿ ಒಂದನ್ನೇ ಹಿಡಿದು ಮನೆಗೆ ಬಂದಿದ್ದಳು ಎಂಬ ಮಾತನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ, ಈ ಪತ್ರಿಕೆಗೆ ಬರೆಯಿರಿ. ಆ ದಿನ ಆಕೆ ಬೈಸಿಕೊಂಡಿರಬಹುದು. ಕೂಸು ಉಳಿದಿದೆ ಎಂದು ಅವರ ಮನೆಯವರಿಗೆ ತಿಳಿಸಬೇಕಾಗಿದೆ.